4ಕೆ ವಿಡಿಯೊಗಳನ್ನು ಮನೆ ಸರ್ವರ್‌ನಲ್ಲಿ ಹೇಗೆ ಜೋಡಿಸುತ್ತೀರಿ? ಅವ್ವನ ಟಿವಿಯಲ್ಲಿ ನಿಂತು ನಿಂತು ಬರುತ್ತಿದೆ

ನಾಪೋಕ್ಲು_ತೋಟ

ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಹತ್ತಿರ ನಮ್ಮದು ಕಾಫಿ ತೋಟ. ಇಂಟೆಲ್ ಎನ್100 ಇರುವ ಒಂದು ಸಣ್ಣ ಪಿಸಿ ತಂದು, 8 ಟಿಬಿ ಹಾರ್ಡ್ ಡಿಸ್ಕ್ ಸಿಕ್ಕಿಸಿ, ಲಿನಕ್ಸ್ ಮೇಲೆ ಜೆಲ್ಲಿಫಿನ್ ಹಾಕಿದ್ದೇನೆ, ನಮ್ಮ ವಿಡಿಯೊಗಳನ್ನು ಟಿವಿಗೆ ಕಳಿಸುವ ಸಾಫ್ಟ್‌ವೇರ್ ಅದು. ಸಿನಿಮಾ ಅಂತ ಏನೂ ಇಲ್ಲ, ಎಲ್ಲಾ ಮನೆಯ ವಿಡಿಯೊಗಳೇ. ತಂಗಿಯ ಮದುವೆ, ಹುತ್ತರಿ, ಕೈಲ್ ಮುಹೂರ್ತ, ಹಾಕಿ ನಮ್ಮೆಯಲ್ಲಿ (ಕೊಡವ ಕುಟುಂಬಗಳ ಹಾಕಿ ಹಬ್ಬ) ನಮ್ಮ ಒಕ್ಕದ, ಅಂದರೆ ಮನೆತನದ, ತಂಡ ಆಡಿದ್ದು, ಹೂಮಳೆ ಆದ ಮೇಲೆ ಕಾಫಿ ಹೂ ಬಿಟ್ಟು ತೋಟ ಬೆಳ್ಳಗೆ ಆಗಿದ್ದನ್ನು ಡ್ರೋನ್‌ನಲ್ಲಿ ತೆಗೆದದ್ದು. ಫೋನಿನಲ್ಲಿ ತೆಗೆದದ್ದಕ್ಕೆ ಲೆಕ್ಕವೇ ಇಲ್ಲ. ಹೆಚ್ಚಿನವು 4ಕೆ. ಜೊತೆಗೆ ಅಪ್ಪ ಇದ್ದಾಗ ತೆಗೆಸಿದ್ದ ಟೇಪುಗಳಿಂದ ಇಳಿಸಿಕೊಂಡ ಏಳೆಂಟು ಫೈಲ್ ಇವೆ.

ತೊಂದರೆ ಎರಡು. ಒಂದು, ಅವ್ವ ಟಿವಿಯಲ್ಲಿ ನೋಡಲು ಕೂತರೆ ಡ್ರೋನ್ ವಿಡಿಯೊ ನಿಂತು ನಿಂತು ಬರುತ್ತದೆ, ಮದುವೆಯ ಕೆಲವು ಫೈಲ್‌ಗಳು ಶುರುವೇ ಆಗುವುದಿಲ್ಲ. ಎರಡು, ಯಾವುದು ಎಲ್ಲಿದೆ ಅಂತ ನನಗೇ ಗೊತ್ತಾಗುತ್ತಿಲ್ಲ. "ಹೊಸ ಫೋಲ್ಡರ್ 3" ಒಳಗೆ "ಫೋನ್ ಬ್ಯಾಕಪ್ ಹಳೇದು" ಅಂತ ಇದೆ, ಅದರೊಳಗೆ ಮತ್ತೆ ಮದುವೆಯದ್ದೇ ಒಂದು ಕಾಪಿ. ಮಳೆಗಾಲ ಶುರುವಾಗುವ ಮೊದಲು ಇದನ್ನು ಸರಿ ಮಾಡಬೇಕು ಅಂತ ಕೂತಿದ್ದೇನೆ. ಮಳೆ ಹಿಡಿದರೆ ಅವ್ವನಿಗೆ ಸಂಜೆಗೆ ಟಿವಿಯೇ ಜೊತೆ. ನೀವೆಲ್ಲ ಹೇಗೆ ಮಾಡಿದ್ದೀರಿ?

ಕುಶಾಲನಗರ_ಲಿನಕ್ಸ್

ಮೊದಲು ಟಿವಿ ವಿಷಯ ಬಗೆಹರಿಸೋಣ, ಫೋಲ್ಡರ್ ಆಮೇಲೆ. ಅವ್ವ ನೋಡುತ್ತಿರುವಾಗ ನೀವು ಕಂಪ್ಯೂಟರಿನಲ್ಲಿ ಜೆಲ್ಲಿಫಿನ್ ಡ್ಯಾಶ್‌ಬೋರ್ಡ್ ತೆರೆದು ನೋಡಿ. ಫೈಲ್ ಇದ್ದ ಹಾಗೇ ಹೋಗುತ್ತಿದೆಯಾ, ಅಥವಾ ಟ್ರಾನ್ಸ್‌ಕೋಡ್ ಆಗುತ್ತಿದೆಯಾ (ಟಿವಿಗೆ ಹೊಂದುವ ಹಾಗೆ ಸರ್ವರ್ ಆಗಲೇ ಬದಲಾಯಿಸಿ ಕಳಿಸುವುದು) ಅಂತ ಅಲ್ಲೇ ಬರೆದಿರುತ್ತದೆ. ಟ್ರಾನ್ಸ್‌ಕೋಡ್ ಆದರೆ ಯಾಕೆ ಅಂತಲೂ ಇರುತ್ತದೆ. ಅದನ್ನು ನೋಡದೆ ಯಾರು ಏನು ಹೇಳಿದರೂ ಊಹೆ ಅಷ್ಟೇ.

ಇನ್ನೊಂದು, ಟಿವಿಗೆ ಕೇಬಲ್ ಹಾಕಿದ್ದೀರಾ, ವೈಫೈಯಾ?

ನಾಪೋಕ್ಲು_ತೋಟ

ಕೇಬಲ್ಲೇ. ವೈಫೈಗಿಂತ ಒಳ್ಳೆಯದು ಅಂತ ನಾನೇ ಎಳೆದದ್ದು. ಈಗ ನೋಡಿ ಬಂದೆ. ಡ್ರೋನ್ ಫೈಲ್ ಇದ್ದ ಹಾಗೇ ಹೋಗುತ್ತಿದೆ, ಟ್ರಾನ್ಸ್‌ಕೋಡ್ ಇಲ್ಲ, ಆದರೂ ನಿಲ್ಲುತ್ತದೆ. ಮದುವೆಯ ಫೈಲ್‌ಗೆ ಮಾತ್ರ ಟ್ರಾನ್ಸ್‌ಕೋಡ್ ಅಂತ ತೋರಿಸುತ್ತಿದೆ, ಪಿಸಿಯ ಫ್ಯಾನ್ ಜೋರಾಗಿ ತಿರುಗುತ್ತದೆ.

ಕುಶಾಲನಗರ_ಲಿನಕ್ಸ್

ಹಾಗಾದರೆ ಡ್ರೋನ್ ವಿಷಯ ಸುಲಭ. ನಿಮ್ಮ ಡ್ರೋನ್ ಸೆಕೆಂಡಿಗೆ ಸುಮಾರು 100 ಮೆಗಾಬಿಟ್‌ನಲ್ಲಿ ಬರೆಯುತ್ತದೆ ಅಂತ ಇಟ್ಟುಕೊಳ್ಳಿ, ಮೀಡಿಯಾಇನ್ಫೊ ಅನ್ನುವ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದರೆ ಸರಿಯಾದ ಅಂಕಿ ಸಿಗುತ್ತದೆ. ಎಷ್ಟೋ ಟಿವಿಗಳ ಹಿಂದೆ ಇರುವ ಲ್ಯಾನ್ ಪೋರ್ಟ್ 100 ಮೆಗಾಬಿಟ್‌ನದ್ದು, 4ಕೆ ಟಿವಿ ಆದರೂ ಅಷ್ಟೇ. ಅದರಲ್ಲಿ ನಿಜವಾಗಿ ಹೋಗುವುದು 90 ಚಿಲ್ಲರೆ. 100 ಹೋಗಬೇಕಾದಲ್ಲಿ 90 ಹೋದರೆ ನಿಲ್ಲದೇ ಇನ್ನೇನಾಗುತ್ತದೆ? ರೂಟರ್ ಅದೇ ಕೋಣೆಯಲ್ಲಿದ್ದರೆ ಕೇಬಲ್ ಕಿತ್ತು 5 ಗಿಗಾಹರ್ಟ್ಸ್ ವೈಫೈನಲ್ಲಿ ನೋಡಿ. ಎಲ್ಲ ಕಡೆ ಕೇಬಲ್ಲೇ ಮೇಲು, ಇಲ್ಲಿ ಮಾತ್ರ ಅಲ್ಲ.

ನಾಪೋಕ್ಲು_ತೋಟ

ನಿಂತಿತು! ಅಂದರೆ ನಿಲ್ಲುವುದು ನಿಂತಿತು. ಎರಡು ತಿಂಗಳಿಂದ ಡಿಸ್ಕ್ ನಿಧಾನ ಅಂತ ತಿಳಿದು ಹೊಸ ಡಿಸ್ಕ್ ತರಲು ಹೊರಟಿದ್ದೆ. ತುಂಬಾ ಧನ್ಯವಾದ ಸರ್. ಮದುವೆಯದ್ದು ಇನ್ನೂ ಹಾಗೇ ಇದೆ.

ವಿರಾಜಪೇಟೆ_ಕ್ಯಾಮೆರಾ

ಮದುವೆಯದ್ದು ನಾನು ಹೇಳುತ್ತೇನೆ, ನನ್ನ ಕೆಲಸವೇ ಅದು. ಎಡಿಟ್ ಆದ ಫೈಲ್ ಓಡುತ್ತದೆ, ಎಡಿಟ್ ಆಗದ್ದು ಮಾತ್ರ ಓಡುವುದಿಲ್ಲ, ಹೌದಾ? ಈಗಿನ ಕ್ಯಾಮೆರಾಗಳಲ್ಲಿ ನಾವು ತೆಗೆಯುವುದು 10 ಬಿಟ್ 4:2:2. ಬಣ್ಣದ ಮಾಹಿತಿ ಜಾಸ್ತಿ ಇರುತ್ತದೆ, ಎಡಿಟ್ ಮಾಡುವಾಗ ಮುಖದ ಬಣ್ಣ, ಸೀರೆಯ ಬಣ್ಣ ಸರಿ ಮಾಡಲು ಅದು ಬೇಕು. ಟಿವಿಗಳಿಗೆ ಅರ್ಥವಾಗುವುದು ಬಣ್ಣದ ಮಾಹಿತಿ ಕಡಿಮೆ ಇರುವ 4:2:0. ಅದರಲ್ಲೂ ಎಚ್.264 (ವಿಡಿಯೊ ಕುಗ್ಗಿಸಿ ಇಡುವ ಒಂದು ವಿಧಾನ, ಎಚ್.265 ಅದರ ನಂತರದ್ದು) ನಲ್ಲಿ 4:2:2 ಇದ್ದರೆ ಎನ್100 ಚಿಪ್‌ನ ಒಳಗಿರುವ ವಿಡಿಯೊ ಭಾಗವೂ ಅದನ್ನು ಬಿಡಿಸುವುದಿಲ್ಲ. ಎಲ್ಲಾ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ನಿಮ್ಮ ಫ್ಯಾನ್ ಕೂಗುವುದು ಅದಕ್ಕೇ.

ಆ ಫೈಲ್‌ಗಳು ನೋಡುವುದಕ್ಕೆ ಅಂತ ಮಾಡಿದ್ದಲ್ಲ ಅಣ್ಣ. ಭತ್ತ ಇದ್ದ ಹಾಗೆ, ಕಣಜದಲ್ಲಿ ಇಡುವುದು ಬೇರೆ, ಬಡಿಸುವುದು ಬೇರೆ. ಅವನ್ನು ಮುಟ್ಟದೆ ಒಂದು ಕಡೆ ಇಡಿ. ಅವ್ವ ನೋಡುವುದಕ್ಕೆ ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಬೇರೆ ಕಾಪಿ ಮಾಡಿ. ಎಚ್.265, 10 ಬಿಟ್, ಗುಣಮಟ್ಟದ ಅಂಕಿ ಆರ್‌ಎಫ್ 22 ಇಟ್ಟರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ, ಸೈಜ್ ಎಷ್ಟೋ ಕಡಿಮೆ ಆಗುತ್ತದೆ. ಎನ್100 ನಲ್ಲಿ ಮಾಡಬೇಡಿ, ದಿನಗಟ್ಟಲೆ ಬೇಕು. ಮಕ್ಕಳ ಲ್ಯಾಪ್‌ಟಾಪ್ ಇದ್ದರೆ ರಾತ್ರಿ ಅದರಲ್ಲಿ ಹಾಕಿ ಮಲಗಿ.

ವಿಡಿಯೊ ಬೂದಿ ಬಣ್ಣಕ್ಕೆ, ಮಂಜು ಕವಿದ ಹಾಗೆ ಕಾಣುತ್ತಿದ್ದರೆ ಅದು ಹಾಳಾದದ್ದಲ್ಲ, ಲಾಗ್ ಅನ್ನುವ ರೀತಿಯಲ್ಲಿ ತೆಗೆದದ್ದು. ಸ್ಟುಡಿಯೋದವರ ಹತ್ತಿರ ಅದರ ಬಣ್ಣ ಸರಿಯಾಗಿ ತೋರಿಸುವ ಲಟ್ ಫೈಲ್ ಕೇಳಿ ತೆಗೆದುಕೊಳ್ಳಿ, ನೋಡುವ ಕಾಪಿಗೆ ಮಾತ್ರ ಹಾಕಿ.

ಸೋಮವಾರಪೇಟೆ_ಮೆಣಸು

ನಾನು ಬೇರೆ ಥರ ಮಾಡಿದ್ದೇನೆ, ಹೇಳುತ್ತೇನೆ. ಎಚ್.265 ಕಾಪಿ ಮಾಡಿದ ಮೇಲೆ ಮೂಲ ಫೈಲ್ ಅಳಿಸಿಬಿಡುತ್ತೇನೆ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 140 ಮೆಗಾಬಿಟ್ ಅಂದರೆ ಗಂಟೆಗೆ 63 ಜಿಬಿ. ಎರಡು ಕ್ಯಾಮೆರಾ, ಎರಡು ದಿನದ ಮದುವೆ, ಒಟ್ಟು 10 ಗಂಟೆ ಅಂದರೂ 630 ಜಿಬಿ. ಅದಕ್ಕೆ ಇನ್ನೊಂದು ಬ್ಯಾಕಪ್ ಬೇರೆ. ಊಟಕ್ಕೆ ಕೂತವರನ್ನು ಒಂದು ಗಂಟೆ ತೆಗೆದಿರುತ್ತಾರೆ, ಅದನ್ನು ಯಾರು ನೋಡುತ್ತಾರೆ? ಡಿಸ್ಕ್ ಸುಮ್ನೆ ಸಿಗುವುದಿಲ್ಲ.

ವಿರಾಜಪೇಟೆ_ಕ್ಯಾಮೆರಾ

ಊಟಕ್ಕೆ ಕೂತವರದ್ದೇ ನೋಡುವುದು ಸರ್. ನಿಜವಾಗಿ ಹೇಳುತ್ತಿದ್ದೇನೆ. ಹತ್ತು ವರ್ಷ ಆದ ಮೇಲೆ ನನ್ನ ಹತ್ತಿರ ಬಂದು "ಆ ಮದುವೆಯ ಹಳೇ ಫೈಲ್ ಏನಾದರೂ ಉಳಿದಿದೆಯಾ" ಅಂತ ಕೇಳುವವರಲ್ಲಿ ಹೆಚ್ಚಿನವರಿಗೆ ಮದುಮಕ್ಕಳದ್ದು ಬೇಡ, ಅದು ಎಡಿಟ್ ಆದದ್ದರಲ್ಲಿ ಇದೆ. ಅವರಿಗೆ ಬೇಕಾದದ್ದು ಪಂಕ್ತಿಯಲ್ಲಿ ಕೂತಿದ್ದ ಅಜ್ಜ, ವಾಲಗಕ್ಕೆ ಕುಣಿದ ದೊಡ್ಡಪ್ಪ. ತೀರಿಹೋದವರ ಎರಡು ನಿಮಿಷದ ನಡಿಗೆ, ಮಾತು. ಅದು ಎಡಿಟ್ ಮಾಡುವಾಗ ನಾವು ಬಿಟ್ಟ ಭಾಗದಲ್ಲೇ ಇರುತ್ತದೆ.

ಜಾಗ ಉಳಿಸಬೇಕಾದರೆ ಕ್ಯಾಮೆರಾ ನೆಲಕ್ಕೆ ತಿರುಗಿದ್ದು, ಫೋಕಸ್ ಹೋದದ್ದು, ಅಂಥದ್ದನ್ನು ತೆಗೆಯಿರಿ. ಲಾಸ್‌ಲೆಸ್‌ಕಟ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಗುಣಮಟ್ಟ ಸ್ವಲ್ಪವೂ ಕೆಡದ ಹಾಗೆ ಕತ್ತರಿಸುತ್ತದೆ. ಮುಖ ಇರುವುದನ್ನು ಅಳಿಸಬೇಡಿ.

ಇನ್ನೊಂದು ಮಾತು, ಇದು ನನ್ನದೇ ತಪ್ಪಿನಿಂದ ಕಲಿತದ್ದು. ಕೆಲವು ಕ್ಯಾಮೆರಾಗಳಲ್ಲಿ ಪ್ರತಿ ಕಾರ್ಡ್‌ನಲ್ಲೂ ಫೈಲ್ ಹೆಸರು ಸಿ0001 ರಿಂದಲೇ ಶುರುವಾಗುತ್ತದೆ. ಶುರುವಿನ ದಿನಗಳಲ್ಲಿ ಎರಡು ಕಾರ್ಡ್ ಒಂದೇ ಫೋಲ್ಡರಿಗೆ ಕಾಪಿ ಮಾಡಿ, ಕೇಳಿದ್ದಕ್ಕೆ ರಿಪ್ಲೇಸ್ ಅಂತ ಒತ್ತಿಬಿಟ್ಟೆ. ಆ ಮನೆಯವರ ಮುಖ ನೋಡುವುದು ಎಷ್ಟು ಕಷ್ಟ ಆಯಿತು ಅಂತ ಈಗಲೂ ನೆನಪಿದೆ. ಒಂದು ಕಾರ್ಡ್‌ಗೆ ಒಂದು ಫೋಲ್ಡರ್. ಕಾಪಿ ಆದ ಮೇಲೆ ಎರಡೂ ಕಡೆ ಒಂದೇ ಇದೆಯಾ ಅಂತ ಪರಿಶೀಲಿಸಿ, ವಿಂಡೋಸ್‌ನಲ್ಲಿ ಟೆರಾಕಾಪಿ ಸಾಫ್ಟ್‌ವೇರ್‌ನ ವೆರಿಫೈ ಆಯ್ಕೆ ಹಾಕಿದರೆ ಅದೇ ಮಾಡುತ್ತದೆ. ಅಲ್ಲಿಯವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬಾರದು.

ಮಡಿಕೇರಿ_ಗುಡ್ಡ

ನಾನೂ ಸೇರಿಕೊಳ್ಳುತ್ತೇನೆ. ನಮ್ಮದು ಮಡಿಕೇರಿ ತಾಲ್ಲೂಕು. 2018 ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದವರು ನಾವು. ಮನೆಯವರೆಲ್ಲ ಉಳಿದೆವು. ಆಲ್ಬಂ, ಸಿಡಿ, ಹಾರ್ಡ್ ಡಿಸ್ಕ್ ಎರಡು ಇದ್ದವು, ಎರಡೂ ಒಂದೇ ಕಪಾಟಿನಲ್ಲಿ. ಬ್ಯಾಕಪ್ ಇದೆ ಅಂತಲೇ ನಾನು ಅಷ್ಟು ವರ್ಷ ತಿಳಿದಿದ್ದು.

ಈಗ ನಮ್ಮ ಮನೆಯ ಒಂದು ಡಿಸ್ಕ್ ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿ ಇದೆ, ಅವರದ್ದು ಒಂದು ನಮ್ಮಲ್ಲಿ. ವರ್ಷಕ್ಕೆ ಎರಡು ಸಲ, ಹಬ್ಬಕ್ಕೆ ಹೋಗಿ ಬರುವಾಗ, ಬದಲಾಯಿಸಿಕೊಳ್ಳುತ್ತೇವೆ. ಆನ್‌ಲೈನ್‌ನಲ್ಲಿ ಇಡಬಹುದು, ಆದರೆ 4 ಟಿಬಿ ಅಪ್‌ಲೋಡ್ ಮಾಡಲು ನಮ್ಮ ಲೈನ್‌ನಲ್ಲಿ ಆಗುವ ಮಾತಲ್ಲ. ನಾಪೋಕ್ಲು ಅಣ್ಣ, ಫೋಲ್ಡರ್ ಹೆಸರು ಏನಾದರೂ ಇಟ್ಟುಕೊಳ್ಳಿ, ಮೊದಲು ಒಂದು ಕಾಪಿ ಮನೆಯಿಂದ ಆಚೆ ಕಳಿಸಿ. ಎರಡು ಡಿಸ್ಕ್‌ನಲ್ಲಿ ಒಂದೇ ಸಲ ಬರೆಯುವ ರೇಡ್ ಮಾಡಿದ್ದೇನೆ ಅಂದರೆ ಅದು ಬ್ಯಾಕಪ್ ಅಲ್ಲ, ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಯುತ್ತದೆ.

ಸೋಮವಾರಪೇಟೆ_ಮೆಣಸು

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹೋದ ವಾರ ಅಳಿಸಿದ್ದು ವಾಪಸ್ ಬರುವುದಿಲ್ಲ. ಉಳಿದದ್ದನ್ನು ಅಳಿಸುವುದಿಲ್ಲ.

ನಾಪೋಕ್ಲು_ತೋಟ

ಮಡಿಕೇರಿ ಅವರೇ, ಇದನ್ನು ಬರೆದದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ತಮ್ಮ ಬೆಂಗಳೂರಿನಲ್ಲಿ ಇದ್ದಾನೆ, ಅವನಿಗೆ ಒಂದು ಡಿಸ್ಕ್ ಕೊಡುತ್ತೇನೆ. ಅವನಿಗೂ ಅಲ್ಲಿಂದಲೇ ಜೆಲ್ಲಿಫಿನ್‌ನಲ್ಲಿ ನೋಡಬೇಕಂತೆ. ಅದು ಆಗುತ್ತದಾ? ಈಗ ಫೋಲ್ಡರ್ ವಿಷಯ ದಯವಿಟ್ಟು ಯಾರಾದರೂ ಹೇಳಿ.

ಗೋಣಿಕೊಪ್ಪ_ಗೋಲಿ

ನಾನು ಹಾಕಿ ಮ್ಯಾಚ್ ತೆಗೆಯುವವನು. ನನ್ನ ಪಾಡು ಹೇಳುತ್ತೇನೆ, ನಿಮ್ಮ ಹಾಕಿ ಫೈಲ್‌ಗೂ ಅನ್ವಯಿಸಬಹುದು. ಗೋಪ್ರೊದಲ್ಲಿ ಒಂದು ಮ್ಯಾಚ್ ಪೂರ್ತಿ ತೆಗೆದರೆ ಅದು ತುಂಡು ತುಂಡಾಗಿ ಬರುತ್ತದೆ. ಹೆಸರು ಹೇಗಿರುತ್ತದೆ ಅಂದರೆ ಮೊದಲ ತುಂಡು ಜಿಎಕ್ಸ್010123, ಎರಡನೆಯದು ಜಿಎಕ್ಸ್020123. ಕೊನೆಯ ನಾಲ್ಕು ಅಂಕಿ ಮ್ಯಾಚ್‌ನದ್ದು, ಅದರ ಹಿಂದಿನ ಎರಡು ತುಂಡಿನದ್ದು. ಹೆಸರಿನ ಪ್ರಕಾರ ಜೋಡಿಸಿದರೆ ಎಲ್ಲಾ ಮ್ಯಾಚ್‌ಗಳ ಮೊದಲ ತುಂಡುಗಳು ಮೊದಲು, ಎರಡನೆಯವು ಆಮೇಲೆ ಬರುತ್ತವೆ. ನಾನು ಒಂದು ವರ್ಷ ಕ್ಯಾಮೆರಾ ಕೆಟ್ಟಿದೆ ಅಂತ ತಿಳಿದಿದ್ದೆ. ತುಂಡುಗಳನ್ನು ಲಾಸ್‌ಲೆಸ್‌ಕಟ್‌ನಲ್ಲೇ ಸೇರಿಸಬಹುದು, ಮತ್ತೆ ಎನ್‌ಕೋಡ್ ಮಾಡಬೇಕಾಗಿಲ್ಲ, ಕೆಲವೇ ನಿಮಿಷ. ಸೇರಿಸಿ ಮ್ಯಾಚ್‌ನ ಹೆಸರು ಕೊಡಿ.

ಕುಶಾಲನಗರ_ಲಿನಕ್ಸ್

ಫೋಲ್ಡರ್ ನನ್ನ ಪ್ರಕಾರ ಹೀಗೆ. ಮೇಲಿನ ಹಂತದಲ್ಲಿ ಎರಡೇ ಎರಡು. "ಮೂಲ", "ನೋಡಲು". ಮೂಲದಲ್ಲಿ ಕ್ಯಾಮೆರಾದಿಂದ ಬಂದದ್ದು ಬಂದ ಹಾಗೇ. ಜೆಲ್ಲಿಫಿನ್‌ಗೆ ಮೂಲ ತೋರಿಸಲೇ ಬೇಡಿ, "ನೋಡಲು" ಮಾತ್ರ ಸೇರಿಸಿ. ಸೇರಿಸುವಾಗ ಲೈಬ್ರರಿಯ ಬಗೆ ಹೋಮ್ ವಿಡಿಯೊಸ್ ಅಂತ ಆರಿಸಿ. ಮೂವೀಸ್ ಅಂತ ಕೊಟ್ಟರೆ ಅದು ಇಂಟರ್ನೆಟ್‌ನಲ್ಲಿ ಹೆಸರು ಹುಡುಕಿ ನಿಮ್ಮ ತಂಗಿಯ ಮದುವೆಗೆ ಯಾವುದೋ ಸಿನಿಮಾದ ಪೋಸ್ಟರ್ ಅಂಟಿಸುತ್ತದೆ. ಜೆಲ್ಲಿಫಿನ್ ಬದಲು ಪ್ಲೆಕ್ಸ್ ಇರುವವರು ಅದರ್ ವಿಡಿಯೊಸ್ ಅನ್ನುವುದನ್ನು ಆರಿಸಿ.

"ನೋಡಲು" ಒಳಗೆ ವರ್ಷಕ್ಕೆ ಒಂದು ಫೋಲ್ಡರ್, ಅದರೊಳಗೆ ದಿನಾಂಕ ಮತ್ತು ಸಂದರ್ಭ. ದಿನಾಂಕ ಯಾವಾಗಲೂ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ, ಆಗ ತಾನಾಗಿಯೇ ಸರಿಯಾಗಿ ಸಾಲು ನಿಲ್ಲುತ್ತದೆ.

ಹೆಸರನ್ನು ಕನ್ನಡದಲ್ಲೇ ಇಡಿ, ಅವ್ವ ಓದಬೇಕಲ್ವಾ. ಆದರೆ ಉದ್ದ ಬೇಡ. ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡಕ್ಕೆ ಮೂರು ಬೇಕು. ಒತ್ತು, ದೀರ್ಘ, ಗುಣಿತದ ಗುರುತುಗಳಿಗೂ ಬೇರೆ ಬೇರೆ ಮೂರು ಮೂರು. ಎಲ್ಲ ಸೇರಿ 85 ಗುರುತು ಆಗುವಷ್ಟರಲ್ಲಿ ಮುಗಿಯಿತು. ವಿಂಡೋಸ್‌ನಲ್ಲಿ ಇಟ್ಟ ಉದ್ದ ಹೆಸರು ಸರ್ವರ್‌ಗೆ ಕಾಪಿ ಆಗುವುದಿಲ್ಲ, ಕಾರಣವೂ ಸರಿಯಾಗಿ ಹೇಳುವುದಿಲ್ಲ.

ವಿರಾಜಪೇಟೆ_ಕ್ಯಾಮೆರಾ

ದಿನಾಂಕದ ವಿಷಯಕ್ಕೆ ಒಂದು ಎಚ್ಚರಿಕೆ. ಫೋನ್‌ಗಳು ವಿಡಿಯೊ ಒಳಗೆ ಸಮಯವನ್ನು ಯುಟಿಸಿ ಅನ್ನುವ ವಿಶ್ವ ಸಮಯದಲ್ಲಿ ಬರೆಯುತ್ತವೆ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಅನೇಕ ಕ್ಯಾಮೆರಾಗಳು ನಮ್ಮ ಸಮಯವನ್ನೇ ಬರೆಯುತ್ತವೆ. ಎರಡನ್ನೂ ಒಂದು ಸಾಫ್ಟ್‌ವೇರ್‌ಗೆ ಕೊಟ್ಟು ಹೆಸರು ಬದಲಾಯಿಸಿದರೆ ಕಲಸಿಹೋಗುತ್ತದೆ. ನಮ್ಮ ಊರಿನಲ್ಲಿ ಇದು ಜಾಸ್ತಿ ಕಾಡುತ್ತದೆ, ಯಾಕೆಂದರೆ ನಮ್ಮ ಎಷ್ಟೋ ದೊಡ್ಡ ಸಂದರ್ಭಗಳು ರಾತ್ರಿಯವೇ. ಮಡಿಕೇರಿ ದಸರೆಯ ದಶಮಂಟಪ ಮೆರವಣಿಗೆ ಬೆಳಗಿನವರೆಗೆ ನಡೆಯುತ್ತದೆ. ತಲಕಾವೇರಿಯ ತೀರ್ಥೋದ್ಭವ ಕೆಲವು ವರ್ಷ ನಡುರಾತ್ರಿ ದಾಟಿ ಬರುತ್ತದೆ. ರಾತ್ರಿ ಒಂದೂವರೆಗೆ ಫೋನ್‌ನಲ್ಲಿ ತೆಗೆದದ್ದು ಹಿಂದಿನ ದಿನದ ರಾತ್ರಿ ಎಂಟು ಗಂಟೆ ಅಂತ ಬರುತ್ತದೆ. ಫೈಲ್ ಒಳಗಿನ ದಿನಾಂಕ ಓದುವ ಎಕ್ಸಿಫ್‌ಟೂಲ್ ಬಳಸುವವರು ಫೋನ್ ಫೈಲ್‌ಗಳಿಗೆ ಯುಟಿಸಿ ಅಂತ ಹೇಳುವ ಆಯ್ಕೆ ಹಾಕಿ, ಕ್ಯಾಮೆರಾದ್ದಕ್ಕೆ ಹಾಕಬೇಡಿ.

ಸಿದ್ದಾಪುರ_ಮಿಸ್

ನಾನು ಶಾಲೆಯ ಶಿಕ್ಷಕಿ, ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲ, ಆದರೆ ಹೆಸರಿನ ವಿಷಯ ನಾನು ಅನುಭವಿಸಿದ್ದು. ನಮ್ಮ ಮನೆಯಲ್ಲಿ ನಾನು "ಹುತ್ತರಿ" ಅಂತ ಬರೆದೆ, ಯಜಮಾನರು "ಪುತ್ತರಿ" ಅಂತ, ಮಗಳು ಇಂಗ್ಲಿಷ್ ಅಕ್ಷರದಲ್ಲಿ ಮೂರು ಥರ. ಹುಡುಕಿದರೆ ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ. ಕೈಲ್ ಮುಹೂರ್ತ, ಕೈಲ್‌ಪೊಳ್ದ್ ಕೂಡ ಹಾಗೇ. ಕೊನೆಗೆ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟೆವು, ಈ ಹಬ್ಬಕ್ಕೆ ಈ ಹೆಸರು ಅಂತ. ಮೂರೂ ಜನ ಅದನ್ನೇ ಬಳಸುತ್ತೇವೆ.

ಹಳೆಯ ಟೇಪಿನ ಬಗ್ಗೆಯೂ ಒಂದು ಮಾತು. ಹೊಸ ವಿಡಿಯೊದಲ್ಲಿ ಯಾರಿದ್ದಾರೆ ಅಂತ ಎಲ್ಲರಿಗೂ ಗೊತ್ತು. ಟೇಪಿನಲ್ಲಿ ಇರುವವರು ಯಾರು ಅಂತ ಹೇಳಲು ನಿಮ್ಮ ಅವ್ವನಿಗೆ ಮಾತ್ರ ಆಗಬಹುದು. ದಯವಿಟ್ಟು ಆ ಏಳೆಂಟು ಫೈಲ್ ಮೊದಲು ಹಾಕಿ, ಅವರನ್ನು ಪಕ್ಕದಲ್ಲಿ ಕೂರಿಸಿ ಬರೆದುಕೊಳ್ಳಿ. ನಮ್ಮ ಮನೆಯಲ್ಲಿ ಅತ್ತೆ ಹೋದ ಮೇಲೆ ನಾವು ಟೇಪು ಹಾಕಿದೆವು. ಮದುಮಗಳ ಪಕ್ಕದಲ್ಲಿ ನಿಂತು ಅಳುತ್ತಿದ್ದವರು ಯಾರು ಅಂತ ಈವತ್ತಿಗೂ ಗೊತ್ತಿಲ್ಲ.

ಕುಶಾಲನಗರ_ಲಿನಕ್ಸ್

ಮಿಸ್ ಹೇಳಿದ್ದು ನಾನು ಮೊದಲೇ ಹೇಳಬೇಕಾಗಿತ್ತು. ಬರೆದುಕೊಂಡದ್ದನ್ನು ಜೆಲ್ಲಿಫಿನ್‌ನಲ್ಲಿ ವಿವರದ ಜಾಗದಲ್ಲಿ ಹಾಕಿ, ಎನ್‌ಎಫ್‌ಒ ಆಗಿ ಉಳಿಸುವ ಆಯ್ಕೆ ಆನ್ ಮಾಡಿ. ಆಗ ಅದು ವಿಡಿಯೊ ಪಕ್ಕದಲ್ಲೇ ಸಣ್ಣ ಫೈಲ್ ಆಗಿ ಕೂರುತ್ತದೆ. ನಾಳೆ ಜೆಲ್ಲಿಫಿನ್ ಬಿಟ್ಟು ಬೇರೆ ಹಾಕಿದರೂ ಹೆಸರುಗಳು ಹೋಗುವುದಿಲ್ಲ.

ತಮ್ಮನ ವಿಷಯ. ಮನೆಯಿಂದ ಆಚೆಗೆ 4ಕೆ ಕಳಿಸಲು ಹೋಗಬೇಡಿ. ನಿಮ್ಮ ಲೈನ್‌ನ ಅಪ್‌ಲೋಡ್‌ಗೆ ತಡೆಯುವುದಿಲ್ಲ, ಸರ್ವರ್ ಅದನ್ನು ಸಣ್ಣದು ಮಾಡಲು ಒದ್ದಾಡುತ್ತದೆ, ಎಚ್‌ಡಿಆರ್‌ನಲ್ಲಿ (ಬೆಳಕು, ಬಣ್ಣದ ವ್ಯಾಪ್ತಿ ಜಾಸ್ತಿ ಇರುವ ಬಗೆ) ತೆಗೆದದ್ದಾದರೆ ಬಣ್ಣ ಇಳಿಸುವ ಕೆಲಸ ಬೇರೆ. 1080ಪಿ ಕಾಪಿ, 8 ಮೆಗಾಬಿಟ್ ಹತ್ತಿರದ್ದು, ಬೇರೆ ಲೈಬ್ರರಿಯಾಗಿ ಇಡಿ. ಜೆಲ್ಲಿಫಿನ್‌ನಲ್ಲಿ ಒಬ್ಬೊಬ್ಬರಿಗೆ ಯಾವ ಲೈಬ್ರರಿ ಕಾಣಬೇಕು ಅಂತ ಹೇಳಬಹುದು. ತಮ್ಮನಿಗೆ 1080ಪಿ, ಅವ್ವನಿಗೆ 4ಕೆ. ಇಬ್ಬರಿಗೂ ಅಳಿಸುವ ಅನುಮತಿ ಕೊಡಬೇಡಿ. ಎಲ್ಲವನ್ನೂ ಒಂದೇ ಲೈಬ್ರರಿಯಲ್ಲಿ ಇಡಬೇಕು ಅನ್ನುವವರೂ ಇದ್ದಾರೆ, ಆದರೆ ಒಂದೇ ವಿಡಿಯೊದ ಎರಡು ಸೈಜ್ ಅಕ್ಕಪಕ್ಕ ಕಂಡರೆ ಮನೆಯವರು ತಪ್ಪಾದದ್ದನ್ನೇ ಒತ್ತುತ್ತಾರೆ. ಆಚೆಯಿಂದ ಬರಲು ಟೇಲ್‌ಸ್ಕೇಲ್ ಅನ್ನುವ ಖಾಸಗಿ ನೆಟ್‌ವರ್ಕ್ ಸಾಫ್ಟ್‌ವೇರ್ ಹಾಕಿ, ರೂಟರ್‌ನಲ್ಲಿ ಪೋರ್ಟ್ ತೆರೆಯಬೇಕಾಗಿಲ್ಲ.

ಮಡಿಕೇರಿ_ಗುಡ್ಡ

ಮಳೆಗಾಲಕ್ಕೆ ಎರಡು ಮಾತು ಸೇರಿಸುತ್ತೇನೆ. ಓಡುತ್ತಿರುವ ಡಿಸ್ಕ್ ಬೆಚ್ಚಗಿರುತ್ತದೆ, ಅದಕ್ಕೆ ತೇವದ ಭಯ ಕಡಿಮೆ. ಕಪಾಟಿನಲ್ಲಿ ಇಡುವ ಬ್ಯಾಕಪ್ ಡಿಸ್ಕ್‌ಗೆ ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್ ಇರಲಿ, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ. ಇನ್ನೂ ಇಳಿಸದ ಟೇಪು ಇದ್ದು ಬೂಷ್ಟು ಹಿಡಿದಿದ್ದರೆ ವಿಸಿಆರ್‌ಗೆ ಹಾಕಲೇಬೇಡಿ, ಟೇಪೂ ಹೋಗುತ್ತದೆ, ಹೆಡ್‌ಗೆ ಅಂಟಿಕೊಂಡು ಮುಂದಿನ ಟೇಪಿಗೂ ಹರಡುತ್ತದೆ.

ಕರೆಂಟು ಹೋಗಿ ಬಂದು ಮಾಡುವಾಗ ಸರ್ವರ್ ಆಫ್ ಆಗುತ್ತಿದ್ದರೆ ಮನೆಯ ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದೆಯಾ ನೋಡಿ. ಅದಕ್ಕೆ ಹಾಕಿದರೆ ಬದಲಾವಣೆ ಬೇಗ ಆಗುತ್ತದೆ, ಕಂಪ್ಯೂಟರ್ ಆರುವುದಿಲ್ಲ. ಡಿಸ್ಕ್‌ನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಆಗಿದ್ದರೆ ಲಿನಕ್ಸ್‌ನ ಇಎಕ್ಸ್‌ಟಿ4 ಗೆ ಬದಲಾಯಿಸಿ, ನಡುವೆ ಕರೆಂಟು ಹೋದರೆ ಎಕ್ಸ್‌ಫ್ಯಾಟ್ ಕೆಡುವುದು ಜಾಸ್ತಿ. ಬದಲಾಯಿಸುವಾಗ ಡಿಸ್ಕ್ ಪೂರ್ತಿ ಅಳಿಯುತ್ತದೆ, ಮೊದಲು ಇನ್ನೊಂದಕ್ಕೆ ಕಾಪಿ ಆಗಿರಲಿ. ಏಪ್ರಿಲ್, ಮೇ ಗುಡುಗಿಗೆ ಮಾತ್ರ ಯಾವ ಸ್ವಿಚ್ಚೂ ಸಾಲದು, ಪ್ಲಗ್ಗೂ ಲ್ಯಾನ್ ಕೇಬಲ್ಲೂ ಎರಡೂ ಕೀಳಬೇಕು.

ನಾಪೋಕ್ಲು_ತೋಟ

ಹನ್ನೆರಡು ದಿನ ಆಯಿತು, ಏನಾಯಿತು ಅಂತ ಹೇಳಬೇಕು.

"ಮೂಲ" ಮತ್ತು "ನೋಡಲು" ಮಾಡಿದೆ. ಮೂರು ಕಡೆ ಇದ್ದ ಮದುವೆಯ ಕಾಪಿಗಳನ್ನು ಹೋಲಿಸಿ ನೋಡಿದೆ, ಒಂದರಲ್ಲಿ ಬೇರೆಲ್ಲೂ ಇಲ್ಲದ 40 ಕ್ಲಿಪ್ ಇದ್ದವು. ಸುಮ್ನೆ ಡೂಪ್ಲಿಕೇಟ್ ಅಂತ ಅಳಿಸಿದ್ದರೆ ಹೋಗುತ್ತಿತ್ತು. ಈಗ ಡಿಸ್ಕ್ ಇಎಕ್ಸ್‌ಟಿ4. ಹ್ಯಾಂಡ್‌ಬ್ರೇಕ್ ರಾತ್ರಿ ರಾತ್ರಿ ಓಡುತ್ತಿದೆ, ಇನ್ನೂ ಅರ್ಧ ಬಾಕಿ.

ಸಿದ್ದಾಪುರದ ಮಿಸ್ ಹೇಳಿದ ಹಾಗೆ ಟೇಪಿನ ಫೈಲ್‌ಗಳನ್ನು ಮೊದಲು ಹಾಕಿದೆ. 4ಕೆ ಅಲ್ಲ, ಏನೂ ಅಲ್ಲ, 576 ಗೆರೆಯ ಚಿತ್ರ, ಕದಲಿದರೆ ಅಂಚು ಬಾಚಣಿಗೆಯ ಹಾಗೆ ಕಾಣುತ್ತದೆ. ಅವ್ವ ಮೂರು ಸಂಜೆ ಕೂತರು. ನಾನು ನಿಲ್ಲಿಸುವುದು, ಅವರು ಹೇಳುವುದು, ಮಗಳು ಬರೆಯುವುದು. ಕದಿರು ತೆಗೆಯಲು ಗದ್ದೆಗೆ ಹೋಗುವ ಒಂದು ಹುತ್ತರಿಯಲ್ಲಿ ಹಿಂದಿನಿಂದ "ಪೊಲಿ ಪೊಲಿ ದೇವಾ" ಅಂತ ಕೂಗುವ ಒಂದು ದನಿ ಇದೆ, ಮುಖ ಕಾಣುವುದಿಲ್ಲ. ಅವ್ವ ತಕ್ಷಣ ಅದು ಅಪ್ಪನ ದನಿ ಅಂದರು. ನನಗೆ ಗೊತ್ತಾಗಿರಲಿಲ್ಲ. ಅದನ್ನು ವಿವರದಲ್ಲಿ ಬರೆದಿದ್ದೇನೆ, ಎಷ್ಟನೇ ನಿಮಿಷ ಅಂತಲೂ.

ಗುರುತು ಸಿಗದವರು ಆರು ಜನ ಉಳಿದಿದ್ದಾರೆ. ಅವರ ಚಿತ್ರ ತೆಗೆದು ಬೇರೆ ಫೋಲ್ಡರ್ ಮಾಡಿ ಭಾಗಮಂಡಲದ ಅತ್ತೆಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದೇನೆ. ವಿರಾಜಪೇಟೆ ಅಣ್ಣ, ಮದುವೆಯ ಕ್ಲಿಪ್‌ಗಳು ಬೂದಿ ಬಣ್ಣವೇ ಇವೆ, ಸ್ಟುಡಿಯೋದವರ ಹತ್ತಿರ ಲಟ್ ಫೈಲ್ ಈಗ ಇಲ್ಲವಂತೆ. ಕ್ಯಾಮೆರಾ ಯಾವುದು ಅಂತ ಗೊತ್ತಾದರೆ ಬೇರೆ ಕಡೆ ಸಿಗುತ್ತದಾ?

ವಿರಾಜಪೇಟೆ_ಕ್ಯಾಮೆರಾ

ಸಿಗುತ್ತದೆ. ಕ್ಯಾಮೆರಾ ಕಂಪನಿಗಳು ತಮ್ಮ ಸೈಟ್‌ನಲ್ಲೇ ಲಟ್ ಕೊಡುತ್ತವೆ. ಪ್ರತಿ ಕ್ಲಿಪ್ ಪಕ್ಕದಲ್ಲಿ ಅದೇ ಹೆಸರಿನ ಸಣ್ಣ ಎಕ್ಸ್‌ಎಂಎಲ್ ಫೈಲ್ ಇದ್ದರೆ ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ, ಮಾಡೆಲ್ ಬರೆದಿರುತ್ತದೆ. ಒಂದು ಕ್ಲಿಪ್ ಪೆನ್‌ಡ್ರೈವ್‌ಗೆ ಹಾಕಿ ಬುಧವಾರ ಸಂತೆಗೆ ಬರುವಾಗ ತನ್ನಿ, ನಾನೇ ಹಾಕಿ ತೋರಿಸುತ್ತೇನೆ.